ನಲವತ್ತೆಂಟನೆಯ ಟ್ಯೂಬು

ಯಾರಿಗೆ ಮೊದಲು ತಿಳಿಯುತ್ತದೋ ಅವಳು, ಜಗತ್ತಿಗೆ ಹೇಳುವ ಮೊದಲು, ಇನ್ನೊಬ್ಬಳಿಗೆ ಹೇಳಬೇಕು. ಹೀಗೆಂದು ಇಬ್ಬರು ಹುಡುಗಿಯರು ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದರು. ಕೈಯಲ್ಲಿ ಕೈಯಿಟ್ಟು ಕೊಟ್ಟ ಮಾತೇನಲ್ಲ. ಇಬ್ಬರೂ ಎರಡೆರಡು ಜೊತೆ ರಬ್ಬರ್ ಗವಸು ತೊಟ್ಟಿದ್ದರು; ಒಬ್ಬಳ ಕೈಯಲ್ಲಿ ಪಿಪೆಟ್ಟು, ಇನ್ನೊಬ್ಬಳ ಕೈಯಲ್ಲಿ ಐಸು ತುಂಬಿದ ಬಕೆಟ್ಟು. ಸಾಕ್ಷಿಯಾಗಿ ಒಂದು ಸೀಸದ ಅಡ್ಡಗೋಡೆ ಮತ್ತು ಬಾಗಿಲ ಮೇಲಿನ ವಿಕಿರಣದ ಹಳದಿ ಚೀಟಿ. ಆದರೂ ಮಾತು ಅಂದರೆ ಮಾತೇ.

ಅವರ ಮೇಷ್ಟ್ರಿಗೆ ಯಾರನ್ನೂ ಹೆಸರು ಹಿಡಿದು ಕರೆದು ಗೊತ್ತಿರಲಿಲ್ಲ. ಒಂದು ಕೆಲಸ ಮುಗಿಯುವ ಮುಂಚೆ ಮೂರಕ್ಕೆ ಹಾರುತ್ತಿದ್ದವಳಿಗೆ ಗುಬ್ಬಿ ಅಂದರು. ಒಂದೇ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಎಳೆಯುತ್ತಿದ್ದವಳಿಗೆ ಆಮೆ ಅಂದರು. ಈ ಕತೆ ಆಮೆಯದು.

ಅವರು ಹುಡುಕುತ್ತಿದ್ದದ್ದು ಒಂದು ಬಾಗಿಲನ್ನು. ರಕ್ತದಲ್ಲಿ ಓಡಾಡುವ ಪುಟ್ಟ ಪ್ರೋಟೀನೊಂದಿತ್ತು; ಗಾಯವಾದರೆ ಹೆಚ್ಚುತ್ತಿತ್ತು, ಮಾಗಿದರೆ ಇಳಿಯುತ್ತಿತ್ತು. ಏನೋ ಸುದ್ದಿ ಹೊತ್ತು ಹೊರಟಿದೆ ಎನ್ನುವುದು ನಿಚ್ಚಳವಾಗಿತ್ತು. ಯಾವ ಮನೆಗೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಅದಕ್ಕೆ ಟಪಾಲು ಎಂದೇ ಹೆಸರಿಟ್ಟಿದ್ದರು. ಜೀವಕೋಶದೊಳಕ್ಕೆ ಕಂಡಕಂಡವರು ನುಗ್ಗುವಂತಿಲ್ಲ. ಅದರ ಹೊರಮೈಮೇಲೆ ರಿಸೆಪ್ಟರುಗಳಿರುತ್ತವೆ, ಮನೆಯ ಮುಂದಿನ ಕರೆಗಂಟೆಯ ಗುಂಡಿಗಳ ಹಾಗೆ. ಬಂದವನು ತನ್ನ ಗುಂಡಿಯ ಮೇಲೆ ಬೆರಳಿಡಬೇಕು, ಒಳಗೆ ಗಂಟೆ ಬಾರಿಸಬೇಕು, ಆಗ ಒಳಗಿನವರು ಎದ್ದು ಕೆಲಸಕ್ಕೆ ತೊಡಗುತ್ತಾರೆ. ಟಪಾಲಿನ ಗುಂಡಿ ಯಾವುದು? ಅಷ್ಟು ತಿಳಿದರೆ ಸಾಕಿತ್ತು.

ತಿಳಿಯುವ ದಾರಿ ಸರಳವಾಗಿಯೇ ಇತ್ತು. ಟಪಾಲಿಗೆ ವಿಕಿರಣದ ಗುರುತು ಹಚ್ಚುವುದು, ಟ್ಯೂಬಿನಲ್ಲಿ ಜೀವಕೋಶಗಳ ಜೊತೆ ಬಿಡುವುದು, ಒಂದು ಗಂಟೆ ಐಸಿನಲ್ಲಿ ಇಡುವುದು. ಆಮೇಲೆ ನಾಣ್ಯದಗಲದ ಫಿಲ್ಟರ್ ಕಾಗದದ ಮೇಲೆ ಸುರಿದು ಸೋಸುವುದು. ಅಂಟದ್ದು ಹರಿದು ಹೋಗುತ್ತದೆ, ಜೀವಕೋಶಗಳೂ ಅವಕ್ಕೆ ಅಂಟಿಕೊಂಡದ್ದೂ ಕಾಗದದ ಮೇಲೆ ಉಳಿಯುತ್ತವೆ. ಆ ಕಾಗದವನ್ನು ಎಣಿಸುವ ಯಂತ್ರಕ್ಕೆ ಹಾಕಿದರೆ ಎಷ್ಟು ಅಂಟಿತೆಂದು ಹೇಳುತ್ತದೆ. ಅರ್ಧ ಟ್ಯೂಬುಗಳಿಗೆ ಗುರುತಿಲ್ಲದ ಟಪಾಲನ್ನು ನೂರು ಪಾಲು ಹೆಚ್ಚು ಸುರಿಯಬೇಕು. ನಿಜವಾದ ಗುಂಡಿಯಾಗಿದ್ದರೆ ಆ ನೂಕುನುಗ್ಗಲಿನಲ್ಲಿ ಗುರುತಿನದು ಜಾಗ ಕಳೆದುಕೊಂಡು ಎಣಿಕೆ ಇಳಿಯುತ್ತದೆ.

ಮೇಷ್ಟ್ರ ಕಟ್ಟಪ್ಪಣೆಗಳು ಎರಡು. ಜೀವಕೋಶ ಹಾಕಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಆ ಟ್ಯೂಬಿನ ಸಂಖ್ಯೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯಬೇಕು. ಮತ್ತೆ, ಪ್ರತಿಸಲವೂ ಒಂದು ಟ್ಯೂಬಿಗೆ ಜೀವಕೋಶಗಳನ್ನೇ ಹಾಕಬಾರದು, ಮಿಕ್ಕದ್ದೆಲ್ಲ ಹಾಕಬೇಕು. ಅದು ಖಾಲಿ ಟ್ಯೂಬು. ಖಾಲಿ ಟ್ಯೂಬು ಇಡದವನು ಕನ್ನಡಿ ನೋಡದೆ ಹೆಣ್ಣು ಕೇಳಲು ಹೊರಟವನು ಎನ್ನುತ್ತಿದ್ದರು ಮೇಷ್ಟ್ರು. ಗುಬ್ಬಿ ಗಡಿಬಿಡಿಯವಳಾದರೂ ಇದೊಂದನ್ನು ಮರೆತವಳಲ್ಲ. ಆಮೆ ಏನಾದರೂ ಕಂಡೆ ಎಂದು ಬಾಯಿ ತೆರೆಯುವುದೇ ತಡ, ಆ ಕಡೆಯಿಂದ ಅದೇ ಪ್ರಶ್ನೆ: ಖಾಲಿ ಟ್ಯೂಬ್ ಇಟ್ಟಿದ್ಯೇನೇ? ಊಟದ ಡಬ್ಬಿ ತೆಗೆದು ಈವತ್ತು ಪಲ್ಯಕ್ಕೆ ಉಪ್ಪೇ ಇಲ್ಲ ಎಂದರೂ ಅದೇ ಪ್ರಶ್ನೆ.

ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ತೀರಿಹೋದರು. ಗುಬ್ಬಿಗೆ ಬೇರೆ ಊರಿನಲ್ಲಿ ಸ್ವಂತ ಪ್ರಯೋಗಶಾಲೆ ಸಿಕ್ಕಿತು, ಹೋದಳು, ಅಲ್ಲೂ ಟಪಾಲಿನ ಕೆಲಸವನ್ನೇ ಹಿಡಿದಳು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ತಿಂಗಳಿಗೊಮ್ಮೆ. ಗುಬ್ಬಿಯ ತಾಯಿ ತೀರಿಕೊಂಡಾಗ ಆಮೆಗೆ ಹೋಗಲಾಗಲಿಲ್ಲ. ಆ ವಾರ ಜೀವಕೋಶಗಳಿಗೆ ದಿನ ಬಿಟ್ಟು ದಿನ ಊಟ ಕೊಡಬೇಕಿತ್ತು, ಮನೆಯಲ್ಲಿ ಎರಡು ವರ್ಷದ ಮಗಳಿಗೆ ಹೊತ್ತುಹೊತ್ತಿಗೆ ಕೊಡಬೇಕಿತ್ತು, ಮಗಳ ಅಪ್ಪ ಅಷ್ಟು ಹೊತ್ತಿಗೆ ಬೇರೆ ಮನೆ ಮಾಡಿಯಾಗಿತ್ತು. ಪತ್ರ ಬರೆಯೋಣ ಎಂದುಕೊಂಡಳು. ಬರೆಯಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಜಗಳವೇ ಆಗಿರಲಿಲ್ಲ.

ಮೇಷ್ಟ್ರ ಕೋಣೆ ಇವಳಿಗೆ ಬಂತು. ಮೂರನೆಯ ಮಹಡಿಯ ಮೂಲೆ, ಉದ್ದನೆಯ ಕಲ್ಲು ಮೇಜು, ಸದಾ ಗುರುಗುಡುವ ಎರಡು ಫ್ರಿಜ್ಜು. ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಕೊಳವೆಗಳು ಮಾತ್ರ. ವಿಕಿರಣದ ಕೆಲಸಕ್ಕೆ ಒಬ್ಬರಿಗಿಂತ ಹೆಚ್ಚು ಜನ ಒಳಗಿರಬಾರದೆಂದು ಹೊಸ ನಿಯಮ ಬಂದ ಮೇಲೆ, ಇಡೀ ದಿನದಲ್ಲಿ ಇವಳು ಆಡುವ ಮಾತೆಂದರೆ ಬೆಳಗ್ಗೆ ಕಾವಲಿನವನಿಗೆ ಒಂದು, ಸಂಜೆ ಲಿಫ್ಟಿನಲ್ಲಿ ಒಂದು. ಟ್ಯೂಬುಗಳನ್ನು ಎಣಿಸುವಾಗ ಮಾತ್ರ ಬಾಯಿಬಿಟ್ಟು ಎಣಿಸುತ್ತಿದ್ದಳು. ತನ್ನ ದನಿ ಇನ್ನೂ ಇದೆಯೇ ಎಂದು ನೋಡಿಕೊಂಡ ಹಾಗೆ.

ಒಂಬತ್ತು ವರ್ಷದ ಹಿಂದೆ ಹಳೆಯ ಫಿಲ್ಟರ್ ಕಾಗದ ಸಿಗುವುದು ನಿಂತುಹೋಗಿ ಗಾಜಿನ ನೂಲಿನ ಹೊಸ ಕಾಗದ ಬಂತು. ಹಳೆಯ ದಾಸ್ತಾನು ಮುಗಿಯುತ್ತ ಬಂದು ಅದನ್ನು ಬಳಸತೊಡಗಿದ ಮುಂದಿನ ವರ್ಷವೇ ಟಪಾಲು ಅಂಟಿತು. ಅದುವರೆಗೆ ಅರವತ್ತು, ಎಪ್ಪತ್ತು ಎಂದು ತೆವಳುತ್ತಿದ್ದ ಎಣಿಕೆ ನಾಲ್ಕು ಸಾವಿರಕ್ಕೆ ಏರಿತು. ಗುರುತಿಲ್ಲದ್ದನ್ನು ಸುರಿದಾಗ ಒಂಬೈನೂರಕ್ಕೆ ಇಳಿಯಿತು. ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಆ ಹೊತ್ತಿಗೆ ಇವಳು ಖಾಲಿ ಟ್ಯೂಬು ಇಡುವುದನ್ನು ಬಿಟ್ಟಿದ್ದಳು. ಸೋಮಾರಿತನದಿಂದಲ್ಲ. ರ‍್ಯಾಕಿನಲ್ಲಿ ನಲವತ್ತೆಂಟೇ ಜಾಗ, ಎಣಿಸುವ ಯಂತ್ರ ಮೂರು ವಿಭಾಗಕ್ಕೆ ಒಂದೇ. ಹದಿಮೂರು ವರ್ಷ ಸೊನ್ನೆಯನ್ನೇ ತೋರಿಸಿದ ಟ್ಯೂಬಿಗೆ ಜಾಗ ಯಾಕೆ ದಂಡ ಎನಿಸಿತ್ತು.

ಒಂದೇ ಕೊರತೆ, ಗಂಟೆ ಬಾರಿಸಲಿಲ್ಲ. ಟಪಾಲು ಅಂಟುತ್ತಿತ್ತು, ಜೀವಕೋಶದ ಒಳಗೆ ಏನೂ ಆಗುತ್ತಿರಲಿಲ್ಲ. ಸುಣ್ಣದಂಶ ಏರಲಿಲ್ಲ, ಯಾವ ಪ್ರೋಟೀನೂ ಎಚ್ಚರಗೊಳ್ಳಲಿಲ್ಲ, ಒಂದು ಜೀನೂ ಕದಲಲಿಲ್ಲ. ಅದಕ್ಕೂ ಇವಳು ಕಾರಣ ಹುಡುಕಿಕೊಂಡಳು. ಒಳಗಿನವರು ಬೇರೆ ಯಾರನ್ನೋ ಕಾಯುತ್ತಿರಬೇಕು, ಎರಡನೆಯ ಬೆರಳೊಂದು ಬೇಕಿರಬೇಕು ಎಂದೆಲ್ಲ. ಆರು ವರ್ಷದ ಹಿಂದೆ ಒಂದು ಸಣ್ಣ ಪ್ರಬಂಧ ಅಚ್ಚಾಯಿತು: ಟಪಾಲು ಅಂಟುವ ತಾಣ ಇದೆ, ಅದರ ಕೆಲಸ ಇನ್ನೂ ತಿಳಿಯಬೇಕು. ಆಗ ಗುಬ್ಬಿಗೆ ಫೋನು ಮಾಡಬೇಕಾಗಿತ್ತೇ ಎಂಬ ಯೋಚನೆ ಬರದೆ ಇರಲಿಲ್ಲ. ಗಂಟೆ ಕೇಳಿಸಿಲ್ಲ, ಇದಿನ್ನೂ ಪೂರ್ತಿ ತಿಳಿದ ಹಾಗಲ್ಲ, ಮಾತು ಕೊಟ್ಟದ್ದು ಪೂರ್ತಿ ತಿಳಿದ ದಿನಕ್ಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಷ್ಟು ವರ್ಷ ಬಿಟ್ಟು ಫೋನು ಮಾಡಲು ಅಳುಕಿತ್ತು ಎನ್ನುವುದು ಅದಕ್ಕಿಂತ ನಿಜವಾದ ಕಾರಣ. ಆ ವರ್ಷವೇ ಗುಬ್ಬಿ ಟಪಾಲನ್ನು ಬಿಟ್ಟು ಬೇರೆ ಕೆಲಸ ಹಿಡಿದಳೆಂದು ಯಾರೋ ಹೇಳಿದರು. ನನಗೆ ದಾರಿ ಬಿಟ್ಟಳು ಎಂದುಕೊಂಡಳು ಇವಳು.

ಈಗ ಕೋಣೆಗೆ ಕುತ್ತು ಬಂದಿತ್ತು. ಶುಕ್ರವಾರ ಸಂಸ್ಥೆಯ ಸಮಿತಿ ಕೂರುವುದಿತ್ತು; ಟಪಾಲಿನ ಕೆಲಸ ಗಟ್ಟಿ ಎನಿಸಿದರೆ ಇನ್ನೈದು ವರ್ಷ ಕೋಣೆಯೂ ಕೆಲಸವೂ ಇವಳದು. ಇಲ್ಲವಾದರೆ ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕು. ನಿರ್ದೇಶಕರು ಕೆಟ್ಟವರಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಕೊನೆಯದಾಗಿ ಒಂದು ಚೊಕ್ಕ ಗ್ರಾಫು ತೋರಿಸಿಬಿಡಿ ಮೇಡಂ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು.

ಬುಧವಾರ ಇವಳು ಆ ಗ್ರಾಫಿಗೆ ಕೂತಳು. ಒಂದೊಂದೇ ಟ್ಯೂಬಿಗೆ ಜೀವಕೋಶ ಹಾಕುವುದು, ಗೀಟು ಎಳೆಯುವುದು. ನಲವತ್ತೇಳಕ್ಕೆ ಗೀಟು ಎಳೆದಾಗ ಫೋನು ಅದುರಿತು. ಮಗಳು. ಬೀಗದ ಕೈ ಮರೆತು ಶಾಲೆಗೆ ಹೋಗಿದ್ದಳಂತೆ, ಈಗ ಬಾಗಿಲ ಮುಂದೆ ಕೂತಿದ್ದಾಳಂತೆ. ಗವಸು ಬಿಚ್ಚಿ, ಕೆಳಗಿನ ಮನೆಯ ಅಜ್ಜಿಯ ಹತ್ತಿರ ಇರು, ಬಂದೆ ಎಂದು ಹೇಳಿ, ಮತ್ತೆ ಗವಸು ತೊಟ್ಟು ಮುಂದಿನ ಹೆಜ್ಜೆಗೆ ಹೋದಳು.

ಸಂಜೆ ಎಣಿಕೆಯ ಚೀಟಿ ಉದ್ದಕ್ಕೆ ಇಳಿಯಿತು. ನಲವತ್ತೇಳು, ನಾಲ್ಕು ಸಾವಿರದ ನೂರ ಎಂಬತ್ತು. ನಲವತ್ತೆಂಟು, ನಾಲ್ಕು ಸಾವಿರದ ನೂರ ಮೂವತ್ತು. ಚೊಕ್ಕವಾಗಿತ್ತು. ಚೀಟಿ ಅಂಟಿಸಲು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡಾಗ ಕಣ್ಣಿಗೆ ಬಿತ್ತು: ನಲವತ್ತೆಂಟರ ಪಕ್ಕ ಗೀಟಿಲ್ಲ.

ಗೀಟು ಎಳೆಯುವುದು ಮರೆತಿರಬಹುದು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆತಿರಲಿಲ್ಲ, ಆದರೂ ಮರೆತಿರಬಹುದು. ಜೀವಕೋಶದ ಬಾಟಲಿಯನ್ನು ತೆಗೆದು ಉಳಿದದ್ದನ್ನು ಅಳೆದಳು. ಸರಿಯಾಗಿ ಒಂದು ಟ್ಯೂಬಿನಷ್ಟು ಹೆಚ್ಚು ಉಳಿದಿತ್ತು.

ಸ್ಟೂಲಿನ ಮೇಲೆ ಕೂತಳು. ಫ್ರಿಜ್ಜುಗಳು ಗುರುಗುಟ್ಟುತ್ತಿದ್ದವು. ಮನೆಯೇ ಇಲ್ಲದ ಜಾಗದಲ್ಲಿ ಟಪಾಲು ಗುಂಡಿ ಒತ್ತಿತ್ತು.

ಮನೆಗೆ ಬಂದಾಗ ಮಗಳು ಕೆಳಗಿನ ಅಜ್ಜಿ ಕೊಟ್ಟ ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಂಡಿದ್ದಳು. ಅಮ್ಮ ಅನ್ನದ ಪಾತ್ರೆಯಲ್ಲಿ ಸೌಟು ಇಟ್ಟುಕೊಂಡು ಸುಮ್ಮನೆ ನಿಂತಿದ್ದನ್ನು ನೋಡಿ ಕೇಳಿದಳು.

"ಅಮ್ಮ, ನಿಂಗೆ ಬೇಜಾರಾದ್ರೆ ಹೇಳ್ಕೊಳ್ಳೋಕೆ ಫ್ರೆಂಡ್ಸೇ ಇಲ್ವಾ?"

"ಇದ್ಲು ಒಬ್ಬಳು."

"ಇದ್ಲು ಅಂದ್ರೆ? ಸತ್ತೋದ್ರಾ?"

"ಛೇ, ಬಿಡ್ತು ಅನ್ನು. ಬೇರೆ ಊರಲ್ಲಿದ್ದಾಳೆ."

"ಮತ್ತೆ ಫೋನ್ ಮಾಡು. ಬೇರೆ ಊರಿಗೂ ಹೋಗುತ್ತೆ ಫೋನು."

ಮಗಳಿಗೆ ಹದಿಮೂರು. ಆ ವಯಸ್ಸಿಗೆ ಎಲ್ಲವೂ ಹಾಗೆಯೇ, ನಂಬರ್ ಒತ್ತಿದರೆ ಮುಗಿಯಿತು.

ಗುರುವಾರ ಬೆಳಗ್ಗೆ ಇವಳು ಎಲ್ಲರಿಗಿಂತ ಮುಂಚೆ ಹೋದಳು. ಆರು ಟ್ಯೂಬು ತೆಗೆದುಕೊಂಡಳು, ಆರೂ ಖಾಲಿ. ಮೂರಕ್ಕೆ ಟಪಾಲು ಮಾತ್ರ, ಇನ್ನು ಮೂರಕ್ಕೆ ಗುರುತಿಲ್ಲದ್ದೂ ಸೇರಿ. ಆಮೇಲೆ ಮೇಷ್ಟ್ರ ಕೆಳಗಿನ ಡ್ರಾಯರಿನಲ್ಲಿ ಕೈಯಾಡಿಸಿ, ಇಲಿ ಕಚ್ಚಿದ ಮೂಲೆಯ ರಟ್ಟಿನ ಡಬ್ಬಿಯೊಂದನ್ನು ಹೊರತೆಗೆದಳು. ಹಳೆಯ ಫಿಲ್ಟರ್ ಕಾಗದ, ಹನ್ನೆರಡು ಉಳಿದಿದ್ದವು. ಅವುಗಳ ಮೇಲೂ ಸೋಸಿದಳು, ಈ ಸಲ ಜೀವಕೋಶ ಹಾಕಿಯೇ.

ಹೊಸ ಕಾಗದ, ಜೀವಕೋಶವಿಲ್ಲ: ನಾಲ್ಕು ಸಾವಿರ. ಗುರುತಿಲ್ಲದ್ದನ್ನು ಸುರಿದರೆ ಒಂಬೈನೂರು. ಹಳೆಯ ಕಾಗದ, ಜೀವಕೋಶವಿದೆ: ಅರವತ್ತು.

ಅಲ್ಲಿಗೆ ಮುಗಿಯಿತು. ಟಪಾಲು ಅಂಟುತ್ತಿದ್ದದ್ದು ಕಾಗದಕ್ಕೆ. ಗಾಜಿನ ನೂಲಿನಲ್ಲಿ ಅದಕ್ಕೆ ಹಿಡಿಸುವಂಥ ಜಾಗವೇನೋ ಇತ್ತು, ಇಷ್ಟೇ ಎಂದು ಲೆಕ್ಕವಿದ್ದ ಜಾಗ. ಅದಕ್ಕೇ ನೂಕುನುಗ್ಗಲೂ ಆಗುತ್ತಿತ್ತು, ನಿಜವಾದ ಗುಂಡಿಯಲ್ಲಿ ಆಗುವ ಹಾಗೆಯೇ. ಒಳಗೆ ಗಂಟೆ ಯಾಕೆ ಬಾರಿಸಲಿಲ್ಲ ಎನ್ನುವುದಕ್ಕೆ ಎಂಟು ವರ್ಷ ಅವಳು ಪಟ್ಟಿ ಮಾಡಿದ್ದ ಕಾರಣಗಳಲ್ಲಿ ಈ ಕಾರಣವೊಂದು ಇರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದವರನ್ನು ನೋಡಿ ಜನ ನಗುತ್ತಾರೆ. ಅವರಿಗೆ ಇಲಿಯಾದರೂ ಸಿಕ್ಕಿತಲ್ಲ.

ಬಾಗಿಲಿನ ಗಾಜಿನಾಚೆ ನಿರ್ದೇಶಕರ ಮುಖ ಕಾಣಿಸಿತು. ಹಳದಿ ಚೀಟಿ ನೋಡಿ ಒಳಗೆ ಬರದೆ, ಗ್ರಾಫ್ ಬಂತಾ ಎಂದು ಬೆರಳಿನಲ್ಲಿ ಗಾಳಿಯಲ್ಲೇ ಗೀಚಿ ಕೇಳಿದರು. ಹೇಳಬಹುದಿತ್ತು. ಹೇಳದೆಯೂ ಇರಬಹುದಿತ್ತು, ನಿನ್ನೆಯ ಚೀಟಿ ಚೊಕ್ಕವಾಗಿಯೇ ಇತ್ತು, ಗೀಟಿಲ್ಲದ ಟ್ಯೂಬನ್ನು ಸಮಿತಿಯಲ್ಲಿ ಯಾರೂ ಹುಡುಕುವವರಲ್ಲ. ಇವಳಿಗೆ ಆ ಎರಡೂ ತೋಚಲಿಲ್ಲ. ತೋಚಿದ್ದು ಮೊದಲು ಯಾರಿಗೆ ಹೇಳಬೇಕು ಎನ್ನುವುದು. ಊಟ ಆದ ಮೇಲೆ ಬರುತ್ತೇನೆ ಎಂದು ಸನ್ನೆ ಮಾಡಿ ಕಳಿಸಿದಳು.

ಗವಸು ಬಿಚ್ಚಿ ಕೈ ತೊಳೆದಳು. ಹಳೆಯ ನೋಟ್‌ಬುಕ್ಕಿನ ರಟ್ಟಿನ ಒಳಗೆ, ಗುಬ್ಬಿಯದೇ ಓರೆ ಅಕ್ಷರದಲ್ಲಿ ನಂಬರಿತ್ತು. ಬದಲಾಗಿರಬಹುದು ಎಂದುಕೊಂಡೇ ಒತ್ತಿದಳು. ಬದಲಾಗಿದ್ದರೆ ಒಳ್ಳೆಯದಿತ್ತು ಎಂದೂ ಒಂದು ಮನಸ್ಸು. ಎಂಟು ಸಲ ಬಡಿದುಕೊಂಡಿತು.

"ಹಲೋ, ಯಾರು?"

"ನಾನು. ಆಮೆ."

ಆ ಕಡೆ ಯಾರಿಗೋ ಹೊರಗೆ ಇರಲು ಹೇಳಿದ್ದು, ಕುರ್ಚಿ ಎಳೆದದ್ದು ಕೇಳಿಸಿತು.

"ಬದುಕಿದೀಯೇನೇ?"

"ಹೂಂ. ಮಾತು ಕೊಟ್ಟಿದ್ವಲ್ಲ, ಗೊತ್ತಾದವರು ಮೊದ್ಲು ಹೇಳ್ಬೇಕು ಅಂತ. ಅದಕ್ಕೆ ಮಾಡ್ದೆ. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ."

"ಏನ್ ಗೊತ್ತಾಯ್ತು?"

"ಬಾಗಿಲೇ ಇಲ್ಲ ಅಂತ. ನಿನ್ನೆ ಒಂದು ಟ್ಯೂಬ್‌ಗೆ ಜೀವಕೋಶ ಹಾಕೋದು ಮರೆತೆ. ಅದೂ ಅಷ್ಟೇ ತೋರಿಸ್ತು."

ಗುಬ್ಬಿ ಸಣ್ಣಗೆ ಹೇಳಿದಳು.

"ಆ ಕಾಗದ ಹಾಗೇನೇ."

ಇವಳು ಇನ್ನೂ ಕಾಗದದ ಸುದ್ದಿಯನ್ನೇ ಎತ್ತಿರಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಆರು ವರ್ಷ ಆಯ್ತು."

"ಆರು ವರ್ಷ." ಹಾಗೆಂದಳು ಅಷ್ಟೆ, ಲೆಕ್ಕ ಹಾಕಲು ಹೋಗಲಿಲ್ಲ. "ನಂಗೆ ಒಂದು ಮಾತು ಹೇಳ್ಬಾರದಾಗಿತ್ತಾ ಗುಬ್ಬಿ?"

ಗುಬ್ಬಿಯ ದನಿ ಏರಲಿಲ್ಲ. ಏರಿದ್ದರೆ ಕೇಳುವುದು ಸುಲಭವಾಗುತ್ತಿತ್ತು. ಒಂದು ದಿನ ಗ್ರಂಥಾಲಯದಲ್ಲಿ ಪತ್ರಿಕೆ ತಿರುವಿ ಹಾಕುವಾಗ ಇವಳ ಪ್ರಬಂಧ ಕಣ್ಣಿಗೆ ಬಿತ್ತಂತೆ. ಓದಿ ಮುಗಿಸಿ, ತನ್ನ ಕೋಣೆಗೆ ಹೋಗಿ, ಅದೇ ಪ್ರಯೋಗ ಮಾಡಿ ನೋಡಿದಳಂತೆ, ಅದೇ ಹೊಸ ಕಾಗದದ ಮೇಲೆ, ಒಂದು ಖಾಲಿ ಟ್ಯೂಬಿಟ್ಟು. ಒಂದೇ ದಿನದ ಕೆಲಸ. ಮೊದಲು ತನ್ನ ಕೈಯೇ ಕೆಟ್ಟಿದೆ ಎಂದುಕೊಂಡಳಂತೆ. ಆಮೆ ಬರೆದಿದ್ದಾಳೆ ಎಂದ ಮೇಲೆ ಖಾಲಿ ಟ್ಯೂಬು ಇಟ್ಟೇ ಇರುತ್ತಾಳೆ, ಇಲ್ಲದೆ ಅವಳು ಬರೆಯುವವಳಲ್ಲ ಎಂದು ಒಂದು ತಿಂಗಳು ನಂಬಿದ್ದಳಂತೆ. ಆಮೇಲೆ ಆ ಕೆಲಸವನ್ನೇ ಕೈಬಿಟ್ಟಳು.

"ಎರಡು ಸಲ ಫೋನ್ ಎತ್ಕೊಂಡೆ ಕಣೆ. ಸಿಟ್ಟು ಬಂದು ಇಟ್ಬಿಟ್ಟೆ. ನಿನ್ನ ಪೇಪರ್ ನಾನು ಓದಿದ್ದು ಯಾವಾಗ ಗೊತ್ತಾ? ಇಡೀ ಜಗತ್ತಿನ ಜೊತೆಗೆ. ಅದೂ ಲೈಬ್ರರಿಯಲ್ಲಿ, ನಿಂತ್ಕೊಂಡು."

"ಅದು ಪೂರ್ತಿ ಅಲ್ಲ ಅಂತ ನಾನು..."

"ಗೊತ್ತು, ಹಾಗೇ ಅಂದ್ಕೊಂಡಿರ್ತೀಯ. ಅಚ್ಚಿಗೆ ಕಳ್ಸೋ ಮುಂಚೆ ಒಂದು ಫೋನ್ ಮಾಡಿದ್ರೆ ನಾನು ಏನ್ ಕೇಳ್ತಿದ್ದೆ ಹೇಳು?"

ಉಪ್ಪಿಲ್ಲದ ಪಲ್ಯಕ್ಕೂ ಕೇಳುತ್ತಿದ್ದ ಪ್ರಶ್ನೆ ಅದು. ಕಿಟಕಿಯಾಚೆಯ ಕೊಳವೆಯೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಇವಳು ಅದನ್ನೇ ನೋಡುತ್ತಿದ್ದಳು.

"ನಿಮ್ಮಮ್ಮ ಹೋದಾಗ ನಾನು ಬರ್ಲಿಲ್ಲ," ಎಂದಳು ಕೊನೆಗೆ. "ಅದನ್ನೂ ಹೇಳ್ಬೇಕಿತ್ತು."

"ಬಿಡು. ಅದಾಗಿ ಕಾಲ ಆಯ್ತು." ಆ ಕಡೆ ಯಾರೋ ಬಾಗಿಲು ತಟ್ಟಿದರು. "ಕ್ಲಾಸಿದೆ ನಂಗೆ. ಊಟ ಆಯ್ತಾ ನಿಂದು?"

"ಇಲ್ಲ."

"ಮಾಡು."

ಇನ್ನೊಮ್ಮೆ ಫೋನು ಮಾಡು ಎಂದು ಅವಳು ಹೇಳಲಿಲ್ಲ, ಮಾಡುತ್ತೇನೆ ಎಂದು ಇವಳೂ ಹೇಳಲಿಲ್ಲ. ಫೋನು ತಣ್ಣಗಾಯಿತು. ಇವಳು ಡಬ್ಬಿ ತೆಗೆದು ಕಲ್ಲು ಮೇಜಿನಿಂದ ದೂರ, ಹೊರಗಿನ ಮೆಟ್ಟಿಲ ಮೇಲೆ ಕೂತು ಊಟ ಮಾಡಿದಳು. ಮುಗಿಸಿ ಎದ್ದು ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದಳು.

ಶುಕ್ರವಾರ ಸಮಿತಿಯ ಎದುರು ಒಂದೇ ಚಿತ್ರ ತೋರಿಸಿದಳು. ಎಡಕ್ಕೆ ಜೀವಕೋಶವಿದ್ದ ಟ್ಯೂಬು, ಬಲಕ್ಕೆ ಇಲ್ಲದ್ದು, ಎರಡೂ ಕಂಬಗಳು ಒಂದೇ ಎತ್ತರ. ಪ್ರಬಂಧವನ್ನು ಹಿಂದಕ್ಕೆ ಪಡೆಯುವುದಾಗಿ ಪತ್ರಿಕೆಗೆ ಬರೆದ ಪತ್ರದ ಪ್ರತಿಯನ್ನೂ ಮೇಜಿನ ಮೇಲಿಟ್ಟಳು. ಒಬ್ಬರು ಕೆಮ್ಮಿದರು. ಒಬ್ಬರು, ಇಷ್ಟು ವರ್ಷ ಯಾರೂ ನೋಡಿರಲಿಲ್ಲವೇ ಎಂದು ಕೇಳಿದರು, ಅದು ಪ್ರಶ್ನೆಯೋ ಬೈಗುಳವೋ ತಿಳಿಯಲಿಲ್ಲ. ತಿಂಗಳ ಕೊನೆಗೆ ಕೋಣೆ ತೆರವು ಮಾಡುವುದೆಂದು ಹತ್ತೇ ನಿಮಿಷದಲ್ಲಿ ಬರೆದುಕೊಂಡರು. ಓಣಿಯಲ್ಲಿ ನಿರ್ದೇಶಕರು ಜೊತೆಗೂಡಿ, ಬೇಸರದಿಂದಲೇ ಅಂದರು.

"ಮೇಡಂ, ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಒಬ್ಬಳಿಗೆ ಗೊತ್ತಿತ್ತು ಸಾರ್."

ಸಂಜೆ ಮನೆಯಲ್ಲಿ ಮಗಳು ಪುಸ್ತಕದಿಂದ ತಲೆ ಎತ್ತದೆಯೇ ವಿಚಾರಿಸಿಕೊಂಡಳು, ಆ ಫ್ರೆಂಡಿಗೆ ಫೋನ್ ಮಾಡಿದೆಯಾ ಎಂದು. ಮಾಡಿದೆ ಎಂದಳು ಅಮ್ಮ. ಏನಂದರು? ಊಟ ಮಾಡು ಅಂದಳು. ಅಷ್ಟೇನಾ? ಅಷ್ಟೆ. ಮಗಳಿಗೆ ಅದು ಫ್ರೆಂಡಿನ ಮಾತಿನ ಹಾಗೆ ಕಾಣಲಿಲ್ಲ, ಪಕ್ಕದ ಮನೆಯವರೂ ಹಾಗೆಯೇ ಅನ್ನುತ್ತಾರೆ ಎಂದು ಗೊಣಗಿ ಪುಟ ತಿರುವಿದಳು. ಇವಳು ನಾಳೆಗೆ ಮರೆಯಬಾರದೆಂದು ಮಗಳ ಚೀಲದ ಜೇಬಿಗೆ ಮನೆಯ ಬೀಗದ ಕೈ ಹಾಕಿಟ್ಟಳು.

ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟ ಮಾತು ಆರು ವರ್ಷದ ಹಿಂದೆಯೇ ಮುರಿದಿತ್ತು. ಮೊದಲು ಮುರಿದವಳು ಇವಳು.